ಅಳಿಯತನದ ಮೇಲೆ ತೆರಿಗೆ

ದುಡ್ಡಿನಲ್ಲಿ ಎಲ್ಲಕ್ಕಿಂತ ರುಚಿಯಾದ ದುಡ್ಡು ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದುಮುಂದು ನೋಡದೆ ‘ಆದಾಯ ತೆರಿಗೆಯ ರೀಫಂಡು’ ಎಂದುಬಿಡುತ್ತೇನೆ. ಸಂಬಳಕ್ಕೆ ಆ ರುಚಿಯಿಲ್ಲ. ಸಂಬಳ ಬರುವ ಮೊದಲೇ ಅದರ ಮೇಲೆ ಹಾಲಿನವರು, ಕಿರಾಣಿಯವರು, ಮಗಳ ಶಾಲೆಯವರು ತಮ್ಮ ತಮ್ಮ ಹೆಸರು ಬರೆದಿಟ್ಟಿರುತ್ತಾರೆ. ಅದು ನಮ್ಮ ಖಾತೆಗೆ ಬರುವುದು ಒಂದು ದಿನ ತಂಗಿ ಹೋಗುವುದಕ್ಕೆ ಮಾತ್ರ. ರೀಫಂಡು ಹಾಗಲ್ಲ. ಅದೂ ನಮ್ಮ ದುಡ್ಡೇ, ನಮ್ಮಿಂದಲೇ ಹೆಚ್ಚಿಗೆ ಹಿಡಿದುಕೊಂಡದ್ದು, ಸರಿಯಾಗಿ ಲೆಕ್ಕ ಹಾಕಿದರೆ ನಮಗೇ ನಷ್ಟ. ಇಷ್ಟೆಲ್ಲ ಗೊತ್ತಿದ್ದೂ ಅದು ಬಂದ ದಿನ, ಒಗೆಯಲು ಹಾಕಿದ ಪ್ಯಾಂಟಿನ ಕಿಸೆಯಲ್ಲಿ ಐನೂರರ ನೋಟು ಸಿಕ್ಕವರ ಹಾಗೆ ಕುಣಿಯುತ್ತೇವೆ. ನಾನಂತೂ ಕುಣಿಯುತ್ತೇನೆ. ನಾಚಿಕೆಯ ವಿಷಯವೆಂದರೆ ನಾನು ಲೆಕ್ಕಶಾಸ್ತ್ರದ ಉಪನ್ಯಾಸಕ.

ಹಾವೇರಿಯಲ್ಲಿ ಮನೆ, ರಾಣೆಬೆನ್ನೂರಿನಲ್ಲಿ ಕಾಲೇಜು, ನಡುವೆ ಬ್ಯಾಡಗಿಯಲ್ಲಿ ಹೆಂಡತಿಯ ತವರು. ನನ್ನ ಆಯುಷ್ಯದ ಒಂದು ದೊಡ್ಡ ಭಾಗ ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ನಿಂತೇ ಕಳೆದಿದೆ. ಪಿಯುಸಿ ಮಕ್ಕಳಿಗೆ ಜಮಾ-ಖರ್ಚು ಕಲಿಸುವುದು ನನ್ನ ಸಂಬಳದ ಕೆಲಸವಾದರೆ, ಸ್ಟಾಫ್‌ರೂಮಿನ ಎಲ್ಲರ ತೆರಿಗೆ ರಿಟರ್ನ್ಸ್ ತುಂಬಿಕೊಡುವುದು ನನ್ನ ಧರ್ಮದ ಕೆಲಸ. ಜುಲೈ ತಿಂಗಳು ಬಂತೆಂದರೆ ಮೂಲೆಯ ಕಂಪ್ಯೂಟರಿನ ಮುಂದೆ ನನ್ನ ದರಬಾರು ಶುರು. ದಕ್ಷಿಣೆ ಒಂದು ಕಪ್ ಚಹಾ ಮತ್ತು ಎರಡು ಬಿಸಿ ಮಿರ್ಚಿ ಭಜಿ. ಹಳೇ ಪದ್ಧತಿಯೋ ಹೊಸ ಪದ್ಧತಿಯೋ ಎಂದು ಒಬ್ಬೊಬ್ಬರೂ ಮಗಳಿಗೆ ವರ ನೋಡುವಷ್ಟು ಚಿಂತೆಯಿಂದ ಕೇಳುತ್ತಾರೆ. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ ತೀರ್ಪು ಹೇಳುತ್ತೇನೆ. ಕೊನೆಗೆ ಎಲ್ಲರಿಗೂ ಒಂದೇ ಉಪದೇಶ: “ಪ್ರತಿ ಸಾಲು ಓದ್ರಿ, ಓದಿ ಆಮ್ಯಾಲೆ ಬಟನ್ ಒತ್ರಿ.” ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಇತಿಹಾಸದ ಹಿರೇಗೌಡರು ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ತಾವೇ ಅದನ್ನು ರಾಗವಾಗಿ ಹೇಳುತ್ತಾರೆ.

ಈ ವರ್ಷ ನನಗೆ ರೀಫಂಡಿನ ಮೇಲೆ ಎಂದಿಲ್ಲದ ಆಸೆ ಹುಟ್ಟಿತ್ತು. ಅದಕ್ಕೆ ಕಾರಣ ಪೇಟಿ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಹದಿನಾಲ್ಕು ವರ್ಷದ ಹಿಂದೆ ಹೆಣ್ಣು ನೋಡಲು ಬ್ಯಾಡಗಿಗೆ ಹೋದಾಗ ಗಿರಿಜಾ ಪಕ್ಕದ ಮನೆಯವರ ಪೇಟಿ ತರಿಸಿಕೊಂಡು ಒಂದು ವಚನ ಹಾಡಿದ್ದಳು. ಅದರ ಅರ್ಧದಲ್ಲೇ ನಾನು ತಲೆ ಕೆಡಿಸಿಕೊಂಡೆ. ಹಿರಿಯರು ಕೊಡುಕೊಳ್ಳುವ ಮಾತು ಆಡುವ ಮೊದಲೇ ಎಲ್ಲರೆದುರಿಗೆ, “ನಮ್ಮ ಮನಿಗೆ ಬಂದ ಮ್ಯಾಲೆ ಇವರಿಗೊಂದು ಹೊಸಾ ಪೇಟಿ ಕೊಡಸ್ತೇನ್ರಿ” ಎಂದು ಘೋಷಿಸಿಬಿಟ್ಟೆ. ನನ್ನಪ್ಪ ಪಕ್ಕದಲ್ಲಿ ಕೂತು ನನ್ನ ತೊಡೆ ಚಿವುಟಿದ್ದು ಇನ್ನೂ ನೆನಪಿದೆ. ಆಮೇಲೆ ಫ್ರಿಜ್ಜು ಬಂತು, ಬೈಕು ಬಂತು, ಮನೆಸಾಲ ಬಂತು, ಪೇಟಿ ಮಾತ್ರ ಬರಲಿಲ್ಲ. ಗಿರಿಜಾ ಒಂದು ದಿನವೂ ಕೇಳಲಿಲ್ಲ. ಸೋಮವಾರ ಓಣಿಯ ಹೆಂಗಸರ ಭಜನೆಗೆ ಹೋಗಿ ಗುಡಿಯ ಪೇಟಿ ಬಾರಿಸಿ ಬರುತ್ತಾಳೆ. ಆ ಪೇಟಿಯಲ್ಲಿ ಬೆರಳೊತ್ತುವ ಮೂರು ಮನೆ ದನಿ ಕೊಡುವುದಿಲ್ಲ, ಆ ಸ್ವರ ಬಂದಾಗ ಆಕೆ ಗಂಟಲಿನಲ್ಲೇ ತುಂಬಿಕೊಡುತ್ತಾಳೆ. ಮನೆಯಲ್ಲಿ ಸಾರು ಕುದಿಯುವ ತನಕ ಅಡುಗೆಮನೆಯ ಕಟ್ಟೆಯ ಮೇಲೆ ಆಕೆಯ ಬೆರಳು ಓಡಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿ, ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದೇನೆ. ಕೇಳದೆ ಸುಮ್ಮನಿರುವ ಹೆಂಡತಿಯ ಎದುರಿಗೆ ಗಂಡನಾದವನಿಗೆ ಆಗುವ ಸಂಕಟ ಕೇಳಿ ಜಗಳವಾಡುವವಳ ಎದುರಿಗೆ ಆಗುವುದಿಲ್ಲ.

ಈ ಸಲ ಶ್ರಾವಣದ ಕೊನೆಯ ಸೋಮವಾರದ ಭಜನೆ ನಮ್ಮ ಮನೆಯಲ್ಲಿ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ನಾನು ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ನನ್ನ ತೆರಿಗೆಯ ಲೆಕ್ಕ ಹಾಕಿದೆ. ವಿಮೆ, ಸಾಲ, ಫೀ ಇವುಗಳ ರಸೀದಿಗಳನ್ನು ಆಫೀಸಿಗೆ ತಡವಾಗಿ ಕೊಟ್ಟಿದ್ದರಿಂದ ಸಂಬಳದಲ್ಲಿ ತೆರಿಗೆ ಹೆಚ್ಚಿಗೆ ಹಿಡಿದಿದ್ದರು. ತಡವಾಗಿ ಕೊಟ್ಟದ್ದೂ ನಾನೇ, ಲೆಕ್ಕದ ಮಾಸ್ತರನೇ. ಇರಲಿ. ತಿರುಗಿ ಬರಬೇಕಾದದ್ದು ಇಪ್ಪತ್ತಮೂರು ಸಾವಿರದ ನಾನೂರ ಅರವತ್ತು ರೂಪಾಯಿ! ಎರಡು ಸಲ ಕೂಡಿದೆ, ಮೂರು ಸಲ ಕಳೆದೆ, ಅಷ್ಟೇ ಬಂತು. ಅಂದೇ ಸಂಜೆ ರಾಣೆಬೆನ್ನೂರಿನಲ್ಲಿ ಪೇಟಿ, ತಬಲಾ ಮಾಡಿ ಮಾರುವ ಹುಸೇನಸಾಬರ ಅಂಗಡಿಗೆ ಓಡಿದೆ. ಇಪ್ಪತ್ತೆರಡೂವರೆ ಸಾವಿರದ ಒಂದು ಪೇಟಿ ಹಿಡಿಸಿತು. ಐನೂರು ಮುಂಗಡ ಕೊಟ್ಟೆ. ಹುಸೇನಸಾಬರು, “ಸರ, ಇದನ್ನ ಇನ್ನೊಬ್ರು ಕೇಳಿ ಹೋಗ್ಯಾರ. ಕಡೇ ಸೋಮವಾರದ ಮಟಾ ನಿಮ್ಮ ಸಲುವಾಗಿ ಹಿಡದಿಡ್ತೇನಿ, ಆಮ್ಯಾಲೆ ನಂಗ ಬೈಬ್ಯಾಡ್ರಿ” ಎಂದರು. “ಬಿಡ್ರಿ ಸಾಬ್ರ, ಸರಕಾರನ ರೊಕ್ಕ ಕೊಡಾಕತ್ತೈತಿ” ಎಂದು ಎದೆಯುಬ್ಬಿಸಿ ಬಂದೆ. ಮನೆಗೆ ಬಂದು ಗಿರಿಜಾಳಿಗೂ ಹೇಳಿದೆ. ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಖರೇನ?” ಎಂದು ಒಂದೇ ಮಾತು ಕೇಳಿದಳು. ಆ ದಿನ ರೊಟ್ಟಿ ಬಡಿಯುವ ಸದ್ದಿನಲ್ಲೂ ತಾಳವಿತ್ತು. ಮರುದಿನಕ್ಕೆ ಇಡೀ ಓಣಿಗೆ ಸುದ್ದಿ.

ರೀಫಂಡು ಬಂದದ್ದು ಶ್ರಾವಣದ ಕೊನೆಯ ಸೋಮವಾರದ ಹಿಂದಿನ ಬುಧವಾರ, ನಾನು ಪಾಠ ಮಾಡುತ್ತಿದ್ದಾಗ. ಪಾಠ ಯಾವುದು ಗೊತ್ತೇ? ನಮ್ಮ ನಗದು ಪುಸ್ತಕದಲ್ಲಿ ಒಂದು ಮೊತ್ತ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಮೊತ್ತ ಇದ್ದರೆ ತಾಳೆ ಹಾಕುವುದು ಹೇಗೆ ಎನ್ನುವುದು. “ಎರಡೂ ತಾಳೆ ಆಗಲಿಲ್ಲ ಅಂದ್ರ ಮೊದಲ ಸಂಶಯ ನಮ್ಮ ಪುಸ್ತಕದ ಮ್ಯಾಲೆ ಬರಬೇಕು” ಎಂದು ಹಲಗೆಯ ಮೇಲೆ ಬರೆಯುತ್ತಿದ್ದಾಗ ಕಿಸೆಯಲ್ಲಿ ಮೊಬೈಲು ನಡುಗಿತು. ಗಂಟೆ ಹೊಡೆಯುವ ತನಕ ಹೇಗೆ ತಡೆದುಕೊಂಡೆನೋ ದೇವರೇ ಬಲ್ಲ. ಹೊರಗೆ ಬಂದು ನೋಡಿದರೆ ಖಾತೆಗೆ ಜಮಾ ಆದದ್ದು ಹದಿನೈದು ಸಾವಿರದ ನಾನೂರ ಮೂವತ್ತು. ಕನ್ನಡಕ ಒರೆಸಿ ಮತ್ತೆ ನೋಡಿದೆ. ಎಂಟು ಸಾವಿರದ ಮೂವತ್ತು ರೂಪಾಯಿ ಎಲ್ಲೋ ದಾರಿಯಲ್ಲಿ ಇಳಿದುಹೋಗಿತ್ತು. ಪೇಟಿಗೆ ಆರೂವರೆ ಸಾವಿರ ಕಡಿಮೆ. ತಿಂಗಳ ಕೊನೆ. ಸೋಮವಾರಕ್ಕೆ ಐದೇ ದಿನ.

ಆಗ ನನಗೆ ಬಂದದ್ದು ದುಃಖವಲ್ಲ, ಆವೇಶ. ಎಷ್ಟು ಜನರ ರಿಟರ್ನ್ಸ್ ತುಂಬಿದ್ದೇನೆ, ಒಂದು ರೂಪಾಯಿ ಆಚೀಚೆ ಆಗಿಲ್ಲ, ನನ್ನ ದುಡ್ಡಿಗೇ ಕತ್ತರಿಯೇ! ಸ್ಟಾಫ್‌ರೂಮಿಗೆ ನುಗ್ಗಿ, “ಇಲಾಖೆಯವರು ಎಂಟು ಸಾವಿರ ಕಟ್ ಮಾಡ್ಯಾರ. ಬಿಡೂದಿಲ್ಲ ನಾನು” ಎಂದು ಸಾರಿದೆ. ಹಿರೇಗೌಡರು ಪೇಪರು ಮಡಿಚಿಟ್ಟು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು. ಇಂಥ ಯುದ್ಧಗಳೆಂದರೆ ಅವರಿಗೆ ಬಲು ಪ್ರೀತಿ. ಇಲಾಖೆ ಮಿಂಚಂಚೆಯಲ್ಲಿ ಕಳಿಸಿದ ಆದೇಶಪತ್ರ ತೆರೆಯಬೇಕಿತ್ತು. ಅದಕ್ಕೆ ಬೀಗದ ಕೈ ಎಂದರೆ ಪಾನ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ. ಸಿಟ್ಟಿನ ಭರದಲ್ಲಿ ನಾನು ನಿಜವಾದ ಹುಟ್ಟಿದ ದಿನಾಂಕ ಹೊಡೆದೆ, ತೆರೆಯಲಿಲ್ಲ. ನಮ್ಮವ್ವನ ಪ್ರಕಾರ ನಾನು ಹುಟ್ಟಿದ್ದು ಪಂಚಮಿಯ ಮರುದಿನ. ಶಾಲೆಗೆ ಸೇರಿಸುವಾಗ ಹೆಡ್ಮಾಸ್ತರರು ಪಂಚಮಿ-ಗಿಂಚಮಿ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ಸ್ಟಾಫ್‌ರೂಮಿನಲ್ಲಿ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. “ಜೂನ್ ಒಂದು ಹೊಡೀರಿ ಸರ, ಸರಕಾರದ ಲೆಕ್ಕದಾಗ ನಾವೆಲ್ಲ ಅವಳಿ-ಜವಳಿ” ಎಂದು ಹಿರೇಗೌಡರು ನೆನಪಿಸಿದರು. ತೆರೆಯಿತು.

ಆ ಆದೇಶಪತ್ರದಲ್ಲಿ ಎರಡು ಅಂಕಣಗಳಿರುತ್ತವೆ. ಎಡಗಡೆಗೆ ‘ನೀವು ಹೇಳಿದ್ದು’, ಬಲಗಡೆಗೆ ‘ನಾವು ಲೆಕ್ಕ ಹಾಕಿದ್ದು’. ಎಲ್ಲಿ ಎರಡೂ ಬೇರೆಯಾಗಿವೆಯೋ ಅಲ್ಲಿ ಕತ್ತರಿ ಬಿದ್ದಿದೆ ಎಂದರ್ಥ. ನಾನು ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿದೆ. ಸಂಬಳ, ಎರಡೂ ಒಂದೇ. ವಿನಾಯಿತಿ, ಎರಡೂ ಒಂದೇ. ತೆರಿಗೆ, ಒಂದೇ. ರೀಫಂಡು? ಎಡಗಡೆಗೂ ಹದಿನೈದು ಸಾವಿರದ ನಾನೂರ ಮೂವತ್ತು, ಬಲಗಡೆಗೂ ಹದಿನೈದು ಸಾವಿರದ ನಾನೂರ ಮೂವತ್ತು. ಇಲಾಖೆ ಒಂದು ನಯಾಪೈಸೆಯನ್ನೂ ಮುಟ್ಟಿರಲಿಲ್ಲ. ನಾನು ಕೇಳಿದ್ದೇ ಅಷ್ಟು, ಅವರು ಕೊಟ್ಟದ್ದೂ ಅಷ್ಟೇ. ಹಿರೇಗೌಡರು ಕೆಮ್ಮಿದರು. ಅದು ಶೀತದ ಕೆಮ್ಮಾಗಿರಲಿಲ್ಲ.

ಆಗ ನೆನಪಾಯಿತು. ಎಲ್ಲರದೂ ತುಂಬಿ ಮುಗಿಸಿ, ಕೊನೆಗೆ ನನ್ನದಕ್ಕೆ ಕೈ ಹಾಕಿದಾಗ ಕಿರುಪರೀಕ್ಷೆಯ ಗಂಟೆ ಹೊಡೆದಿತ್ತು. ಈಗೀಗ ಆ ನಮೂನೆಯಲ್ಲಿ ಇಲಾಖೆಯವರೇ ತಮಗೆ ಗೊತ್ತಿರುವ ಅಂಕಿಗಳನ್ನು ಮೊದಲೇ ತುಂಬಿಟ್ಟಿರುತ್ತಾರೆ. ‘ಸರಿ ಇದೆ’ ಎಂದು ಒತ್ತಿದರೆ ಮುಂದಿನ ಪುಟ. ಕೈಯಲ್ಲಿ ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದುಕೊಂಡು ನಾನು ಸರಿ ಇದೆ, ಸರಿ ಇದೆ, ಸರಿ ಇದೆ ಎಂದು ಒತ್ತುತ್ತ ಹೋಗಿದ್ದೆ. ಊರಿಗೆಲ್ಲ ‘ಪ್ರತಿ ಸಾಲು ಓದ್ರಿ’ ಎಂದು ಹೇಳಿದವನು ಒಂದು ಸಾಲನ್ನೂ ಓದಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಎನ್ನುತ್ತಾರಲ್ಲ, ಹಾಗೆ. ಈಗ ಓದಿದೆ. ‘ಇತರ ಆದಾಯ’ ಎನ್ನುವಲ್ಲಿ ಠೇವಣಿಯ ಬಡ್ಡಿ ಎಂದು ಮೂವತ್ತೆಂಟು ಸಾವಿರದ ಆರುನೂರು ರೂಪಾಯಿ ಕೂತಿತ್ತು. ಅದರ ಮೇಲೆ ನನ್ನ ಪಾಲಿನ ತೆರಿಗೆ ನೂರಕ್ಕೆ ಇಪ್ಪತ್ತು, ಮೇಲೆ ಸೆಸ್ಸು. ಗುಣಿಸಿದೆ. ಕರಾರುವಾಕ್ಕಾಗಿ ನನ್ನ ಎಂಟು ಸಾವಿರದ ಮೂವತ್ತು!

ಲೆಕ್ಕ ತಾಳೆಯಾದಾಗ ಆಗುವ ಸಂತೋಷ ಎಂಥದೆಂದರೆ, ಒಂದು ಗಳಿಗೆ ದುಡ್ಡು ಹೋದದ್ದೇ ಮರೆತುಹೋಗಿ ಮೇಜು ಕುಟ್ಟಿದೆ. ಆಮೇಲೆ ಹೊಳೆಯಿತು, ನನ್ನ ಹೆಸರಿನಲ್ಲಿ ಠೇವಣಿಯೇ ಇಲ್ಲವಲ್ಲ! ಇಷ್ಟು ಬಡ್ಡಿ ಬರಬೇಕಾದರೆ ಐದಾರು ಲಕ್ಷದ ಅಸಲು ಇರಬೇಕು. ಐದಾರು ಲಕ್ಷದ ಧಣಿಯಾಗಿದ್ದೂ ನಾನು ಐದು ವರ್ಷದಿಂದ ಒಂದೇ ಸ್ವೆಟರು ಹಾಕುತ್ತಿದ್ದೇನೆಯೇ? “ನಿಮ್ಮ ಪಾನ್ ಕಾರ್ಡ್ ಯಾರೋ ಕದ್ದಾರ್ರಿ” ಎಂದು ಹಿರೇಗೌಡರು ದನಿ ತಗ್ಗಿಸಿದರು. ನನಗೆ ಅಷ್ಟು ಕೆಟ್ಟ ವಿಚಾರ ಬರಲಿಲ್ಲ. ನಿಪುತ್ರಿಕನಾದ ಯಾವನೋ ದೂರದ ಕಾಕಾ ನನ್ನ ಹೆಸರಿಗೆ ಗಂಟು ಇಟ್ಟು ಹೋಗಿರಬಹುದೇ ಎಂದು ಮನಸ್ಸು ಕುದುರೆ ಏರಿತು. ಎರಡು ನಿಮಿಷ ನಾನು ನಿಜವಾಗಿಯೂ ಶ್ರೀಮಂತನಾಗಿದ್ದೆ, ಪೇಟಿಯ ಜೊತೆಗೆ ಮನೆಗೆ ಬಣ್ಣವನ್ನೂ ಹೊಡೆಸಿಯಾಗಿತ್ತು. ಯಾವ ಯಾವ ಬ್ಯಾಂಕು ಯಾರಿಗೆ ಎಷ್ಟು ಬಡ್ಡಿ ಕೊಟ್ಟಿದೆ ಎಂದು ತೋರಿಸುವ ಪಟ್ಟಿಯೊಂದು ಅದೇ ಜಾಲತಾಣದಲ್ಲಿ ಇರುತ್ತದೆ. ತೆರೆದು ನೋಡಿದೆವು. ಬ್ಯಾಡಗಿಯ ಒಂದು ಸಹಕಾರಿ ಬ್ಯಾಂಕು. ಬ್ಯಾಡಗಿಯಲ್ಲಿ ನನಗೆ ಕಾಕಾ ಇಲ್ಲ. ಇರುವವರು ಒಬ್ಬರೇ, ನಮ್ಮತ್ತೆ.

ಮಧ್ಯಾಹ್ನದ ಪಾಠ ಮುಗಿಸಿ ಬಸ್ಸು ಹತ್ತಿದವನು ಹಾವೇರಿಗೆ ಹೋಗಲಿಲ್ಲ. ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಯ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಕೂತಾಗ ಎಲ್ಲವೂ ಕಣ್ಣಿಗೆ ಕಟ್ಟಿತು. ಹೋದ ವರ್ಷದ ಯುಗಾದಿಯ ದಿನ. ನಮ್ಮ ಕಡೆ ಅಳಿಯನೆಂದರೆ ಊಟದಲ್ಲಿ ಮೊದಲ ಎಲೆ ಅವನದು, ಹೋಳಿಗೆಗೆ ಮೊದಲ ತುಪ್ಪ ಅವನದು, ಲಗ್ನಪತ್ರಿಕೆಯಲ್ಲೂ ಬೀಗರ ಸಾಲಿನಲ್ಲಿ ಮೊದಲ ಹೆಸರು ಹಿರಿಯ ಅಳಿಯನದು. ಇದಕ್ಕೆ ಪ್ರತಿಯಾಗಿ ಅಳಿಯ ಮಾಡಬೇಕಾದದ್ದು ಒಂದೇ ಕೆಲಸ, ಏನನ್ನೂ ಕೇಳದೆ ಗಂಭೀರವಾಗಿ ಕೂರುವುದು. ನಾನು ಮೂರನೆಯ ಹೋಳಿಗೆಯಲ್ಲಿದ್ದಾಗ ಅತ್ತೆ ಕಾಗದ ಹಿಡಿದು ಬಂದು, “ಅಳಿಯಂದ್ರ, ಇಲ್ಲೊಂದು ಸಹಿ ಹಾಕ್ರಿ. ನಿಮ್ಮ ಪಾನ್ ಕಾರ್ಡಿಂದೊಂದು ಝೆರಾಕ್ಸ್ ಬೇಕಾಗಿತ್ತು” ಎಂದಿದ್ದರು. ಏನು, ಎತ್ತ ಎಂದು ಅತ್ತೆಯನ್ನು ಕೇಳುವುದು ಅಳಿಯತನಕ್ಕೆ ಕುಂದು. ತುಪ್ಪದ ಬೆರಳನ್ನು ಒರೆಸಿಕೊಂಡು, ಓದದೆ ಸಹಿ ಹಾಕಿ, ನಾಲ್ಕನೆಯದಕ್ಕೆ ಎಲೆ ಒಡ್ಡಿದ್ದೆ.

ನಮ್ಮತ್ತೆಯವರದು ಖಾರ ಕುಟ್ಟುವ ಗಿರಣಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಲ್ಲದ ಮನೆತನವೇ ಇಲ್ಲವೆನ್ನಿ. ಹುಟ್ಟಿ ಬೆಳೆದವರಿಗೆ ಆ ಘಾಟು ತಟ್ಟುವುದಿಲ್ಲ, ನನಗೆ ಹದಿನಾಲ್ಕು ವರ್ಷವಾದರೂ ತಟ್ಟುತ್ತದೆ. ನಾನು ಓಣಿಯ ಮೂಲೆಯಲ್ಲಿ ಸೀನಿದರೆ ಅತ್ತೆ ಒಳಗೆ ಚಹಾಕ್ಕೆ ನೀರಿಡುತ್ತಾರೆ. ಆ ದಿನವೂ ಆರು ಸೀನು ಸೀನಿ ಒಳಗೆ ಹೋದೆ. ಅತ್ತೆ ಕೆಂಪು ಹುಡಿ ಮೆತ್ತಿದ ಸೆರಗನ್ನು ಸರಿಮಾಡಿಕೊಳ್ಳುತ್ತ ಎದ್ದು ಬಂದರು.

“ಬರ್ರಿ ಅಳಿಯಂದ್ರ, ಕುಂದ್ರಿ. ಒಬ್ಬರ ಬಂದೀರಲ್ಲ, ಗಿರಿಜಾ ಆರಾಮ ಅದಾಳಿಲ್ಲ?”

“ಆರಾಮ ಅದಾಳ್ರಿ. ಅತ್ತಿಯವ್ರ, ಆ ಯುಗಾದಿ ದಿನ ನಾ ಒಂದು ಸಹಿ ಹಾಕಿದ್ನಲ್ಲ, ಅದು ಎಂಥಾ ಕಾಗದ್ರಿ?”

“ಅದಾ? ಗಿರಣಿ ರೊಕ್ಕ ಮನ್ಯಾಗ ಇಟ್ರ ಖರ್ಚಾಗಿ ಹೋಕ್ಕೈತಿ ಅಂತ ಬ್ಯಾಂಕಿನ್ಯಾಗ ಡಿಪಾಜಿಟ್ ಮಾಡೇನ್ರಿ. ಮೂರೂ ಮಂದಿ ಹೆಸರ್ಲೆ ಐತಿ. ಮೊದಲ ನಿಮ್ಮ ಹೆಸರು, ಆಮ್ಯಾಲೆ ಗಿರಿಜಾಂದು, ಕಡೀಕ ನಂದು.”

“ರೊಕ್ಕ ನಿಮ್ದು. ನನ್ನ ಹೆಸರು ಮೊದಲ ಯಾಕ್ರಿ?”

ಅತ್ತೆಯವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಯ್ಯ! ಅಳಿಯಂದ್ರನ್ನ ಹಿಂದ ಹಾಕಿ ನಾ ಮುಂದ ಕುಂದರ್ಲ್ಯಾ? ಆ ಬ್ಯಾಂಕಿನ ಹುಡುಗಿನೂ ಹಂಗ ಅಂದ್ಲು, ಅಮ್ಮಾರ ರೊಕ್ಕ ಯಾರದೋ ಅವ್ರ ಹೆಸರು ಮೊದಲ ಬರೀಬೇಕು ಅಂತ. ನಿಂಗ ಲಗ್ನ ಆಗೈತೇನವಾ ಅಂತ ಕೇಳ್ದೆ. ಇಲ್ಲಂದ್ಲು. ಹಂಗಾರ ನಿಂಗ ತಿಳ್ಯಾಂಗಿಲ್ಲ, ಅಳಿಯಂದ್ರ ಹೆಸರ ಮೊದಲ ಬರಿ ಅಂತ ಹೇಳಿ ಬಂದೆ.”

ಜಂಟಿ ಠೇವಣಿಯಲ್ಲಿ ಮೊದಲ ಹೆಸರು ಯಾರದೋ ಬಡ್ಡಿ ಅವರ ಲೆಕ್ಕಕ್ಕೇ ಬೀಳುತ್ತದೆ. ಇಲಾಖೆಯ ಕಂಪ್ಯೂಟರಿಗೆ ಅಳಿಯ, ಅತ್ತೆ, ಮಾನ, ಮರ್ಯಾದೆ ಯಾವುದೂ ತಿಳಿಯುವುದಿಲ್ಲ. ಅಂತೂ ಗುಟ್ಟು ಸಿಕ್ಕಿತು! ನನ್ನ ರೀಫಂಡನ್ನು ಕಡಿಮೆ ಮಾಡಿದ್ದು ಸರಕಾರವಲ್ಲ, ಕಳ್ಳನಲ್ಲ, ಮರ್ಯಾದೆ. ಎಂಟು ಸಾವಿರದ ಮೂವತ್ತು ರೂಪಾಯಿಯ ಮರ್ಯಾದೆ. ಇಷ್ಟು ದುಬಾರಿ ಮೊದಲ ಎಲೆ ಈ ಜಿಲ್ಲೆಯಲ್ಲಿ ಇನ್ನಾವ ಅಳಿಯನಿಗೂ ಹಾಕಿರಲಿಕ್ಕಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಚಹಾದ ಬಸಿ ಹಿಡಿದುಕೊಂಡೇ ಹಲಗೆಯ ಮೇಲೆ ಬರೆಯುವ ಹುರುಪಿನಲ್ಲಿ ಅತ್ತೆಯವರಿಗೆ ಎಲ್ಲವನ್ನೂ ವಿವರಿಸಿದೆ. ಪೇಟಿಯ ವಿಷಯ ಮಾತ್ರ ಬಾಯಿ ಬಿಡಲಿಲ್ಲ, ಅಳಿಯನಾದವನು ತನ್ನ ಅಡಚಣೆಯನ್ನು ಮಾವನ ಮನೆಯಲ್ಲಿ ಹೇಳಿಕೊಳ್ಳಬಾರದು. ‘ಈ ಬಡ್ಡಿ ನನ್ನದಲ್ಲ, ಬೇರೆಯವರದು’ ಎಂದು ಜಾಲತಾಣದಲ್ಲಿ ತಿಳಿಸುವ ಒಂದು ದಾರಿಯೂ ಇದೆ. ಅದರಲ್ಲಿ ಆ ಬೇರೆಯವರ ಪಾನ್ ಸಂಖ್ಯೆ ಕೊಡಬೇಕು. ಅಳಿಯನೇ ಅತ್ತೆಯ ಮೇಲೆ ಸರಕಾರಕ್ಕೆ ಬರೆದುಕೊಟ್ಟ ಎಂದು ನಾಳೆ ಬ್ಯಾಡಗಿಯ ತುಂಬ ಸುದ್ದಿಯಾದರೆ ಮುಂದಿನ ಯುಗಾದಿಗೆ ಯಾವ ಮುಖ ಹೊತ್ತು ಬರಲಿ? ಅದನ್ನು ಬಿಟ್ಟುಬಿಟ್ಟೆ.

ಗಿರಣಿ ನಡೆಸುವ ಹೆಂಗಸು, ಲೆಕ್ಕದಲ್ಲಿ ನನಗಿಂತ ಚುರುಕು. ಎಲ್ಲ ಕೇಳಿ ಹೇಳಿದರು, “ಟ್ಯಾಕ್ಸ್ ನೀವು ಕಟ್ಟೀರಿ ಅಂದ ಮ್ಯಾಲೆ ಬಡ್ಡಿನೂ ನಿಮ್ದ. ನನ್ನ ಪಾಸ್‌ಬುಕ್ಕಿನ್ಯಾಗ ಹಂಗ ಐತಿ, ಮುಟ್ಟಿಲ್ಲ ನಾನು. ಮೂವತ್ತೆಂಟು ಸಾವಿರ ನಾಳೆ ತಗದು ಕೊಡ್ತೇನಿ, ತಗೋರಿ.”

ಪೇಟಿ! ಪೇಟಿಯ ಮೇಲೆ ಇನ್ನೂ ಹದಿನಾರು ಸಾವಿರ! ಆದರೆ ನಾಲಿಗೆ ಹದಿನಾಲ್ಕು ವರ್ಷದಿಂದ ಒಂದೇ ಮಾತಿಗೆ ಪಳಗಿದೆ. “ಛೇ ಛೇ, ಬ್ಯಾಡ್ರಿ” ಎಂದೆ. ಇದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ಹೋಳಿಗೆಯೇ ಆಗಲಿ, ಆಹೇರಿಯ ಉಡುಗೊರೆಯೇ ಆಗಲಿ, ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲವೂ ಬೇಡ ಎನ್ನಬೇಕು, ಮೂರನೆಯ ಸಲ ಒತ್ತಾಯ ಮಾಡಿದಾಗ ‘ನಿಮ್ಮ ಮಾತು ಮೀರೂದ್ಹೆಂಗ’ ಎಂದು ತೆಗೆದುಕೊಳ್ಳಬೇಕು. ಅದು ಪದ್ಧತಿ.

“ಇಲ್ರಿ, ತಗೋರಿ. ನ್ಯಾಯವಾಗಿ ನಿಮ್ದ ಐತಿ” ಎಂದರು ಅತ್ತೆ.

“ಬ್ಯಾಡ ಅತ್ತಿಯವ್ರ, ಅದ್ಹೆಂಗ ಆಕ್ಕೈತ್ರಿ” ಎಂದೆ. ಇಷ್ಟು ಹೇಳಿ ಮೂರನೆಯ ಸಲಕ್ಕೆ ಮುಖವನ್ನು ಸಿದ್ಧಮಾಡಿಕೊಂಡೆ.

ಅತ್ತೆ ನನ್ನನ್ನು ಒಂದು ಸಲ ನೋಡಿದರು. ಕಣ್ಣು ತುಂಬಿಕೊಂಡರು. “ಗಿರಿಜಾಗ ದೇವರಂಥ ಗಂಡ ಸಿಕ್ಕಾನ” ಎಂದು ಎದ್ದುಹೋದರು. ಬರುವಾಗ ಕೈಯಲ್ಲಿ ಎರಡು ಕಿಲೋ ಖಾರಪುಡಿಯ ಚೀಲವಿತ್ತು. ದೇವರು ಆ ಚೀಲ ಹಿಡಿದುಕೊಂಡು ಸೀನುತ್ತ ಬಸ್‌ಸ್ಟ್ಯಾಂಡಿಗೆ ನಡೆದ.

ಬಸ್ಸಿನಲ್ಲಿ ಹುರುಪೆಲ್ಲ ಇಳಿಯಿತು. ಗಿರಿಜಾಳಿಗೆ ಏನು ಹೇಳುವುದು? ಇಲಾಖೆಯವರು ಕಡಿತ ಮಾಡಿದರು ಎಂದರೆ ಸುಳ್ಳು. ನಿಮ್ಮವ್ವನ ಠೇವಣಿಯಿಂದ ಹೀಗಾಯಿತು ಎಂದರೆ ಅರ್ಧ ಸತ್ಯ, ಅರ್ಧ ಸತ್ಯವನ್ನು ಸಂಸಾರದಲ್ಲಿ ದಕ್ಕಿಸಿಕೊಳ್ಳುವುದು ಸುಳ್ಳಿಗಿಂತ ಕಷ್ಟ. ಹದಿನಾಲ್ಕು ವರ್ಷ ಕೇಳದೆ ಇದ್ದವಳು ಈ ಸಲವೂ ಕೇಳದೆ ‘ಇರಲಿ ಬಿಡ್ರಿ’ ಎಂದುಬಿಡುತ್ತಾಳೆ, ಆ ಮಾತಿಗೇ ನನಗೆ ಹೆದರಿಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಚೀಲ ಕೆಳಗಿಟ್ಟು, ಆದದ್ದೆಲ್ಲವನ್ನೂ, ಓದದೆ ಬಟನ್ ಒತ್ತಿದ್ದನ್ನೂ ಸೇರಿಸಿ, ಒಂದೇ ಉಸಿರಿಗೆ ಹೇಳಿದೆ. “ತಪ್ಪು ನಂದು ಗಿರಿಜಾ. ಸೋಮವಾರಕ್ಕ ಪೇಟಿ ಬರೂದು ಕಷ್ಟ ಐತಿ” ಎಂದೆ.

ಗಿರಿಜಾ ಕಾಯಿಪಲ್ಯ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಆ ಕಾಗದದ ಮ್ಯಾಲೆ ನಂದೂ ಸಹಿ ಐತಲ್ರಿ. ನಾ ಓದೇ ಹಾಕಿದ್ದೆ” ಎಂದಳು.

“ಓದಿದ್ದಿ? ಮೊದಲ ಹೆಸರು ನಂದೈತಿ ಅಂತ ಗೊತ್ತಿತ್ತ? ಮತ್ತ ಹೇಳಲಿಲ್ಲಲ್ಲ!”

“ಲೆಕ್ಕದ ಮಾಸ್ತರು ಓದದನ ಸಹಿ ಹಾಕ್ತಾರಂತ ನಂಗೇನ ಗೊತ್ತ್ರಿ?” ಎಂದು ಈಳಿಗೆ ಬದಿಗಿಟ್ಟು ಎದ್ದಳು. “ಆಗಳೆ ಅವ್ವ ಫೋನ್ ಮಾಡಿದ್ಲು. ಅಳಿಯಂದ್ರು ಎಷ್ಟು ಹೇಳಿದ್ರೂ ಬಡ್ಡಿ ಮುಟ್ಟಲಿಲ್ಲ, ಎರಡನೇ ಹೆಸರು ನಿಂದೈತಿ, ನೀ ತಗೋತಿಯೇನು ಅಂತ ಕೇಳಿದ್ಲು.”

“ನೀ ಏನಂದಿ?”

“ಹೂಂ ಅಂದೆ.”

“ಒಂದ ಸಲಕ್ಕ?”

“ಅವ್ವ ಕೊಡ್ತೇನಿ ಅಂದ್ರ ಎಷ್ಟ ಸಲ ಕೇಳಿಸ್ಕೋಬೇಕ್ರಿ?” ಎಂದಳು. ಆಮೇಲೆ ನಕ್ಕಳು. ಹೆಣ್ಣು ನೋಡಲು ಹೋದ ದಿನ ನಾನು ಪೇಟಿ ಕೊಡಿಸುತ್ತೇನೆ ಎಂದು ಕೂಗಿದಾಗ ಬಾಗಿಲ ಮರೆಯಲ್ಲಿ ಹೀಗೆಯೇ ನಕ್ಕಿದ್ದಳಂತೆ, ಆ ದಿನ ನನಗೆ ಕಾಣಿಸಿರಲಿಲ್ಲ.

ಶನಿವಾರ ಪೇಟಿ ಮನೆಗೆ ಬಂತು. ಅತ್ತೆಯವರ ಬಡ್ಡಿಯಲ್ಲಿ ಬಂದದ್ದು, ನನ್ನ ರೀಫಂಡಿನಲ್ಲಲ್ಲ. ಹುಸೇನಸಾಬರು ತಾವೇ ಹೊತ್ತು ತಂದು ಚಾಪೆಯ ಮೇಲಿಟ್ಟು, “ಬಾರಸ್ರಿ ಅಕ್ಕಾರ” ಎಂದಾಗ ಗಿರಿಜಾ ಕೈ ಒರೆಸಿಕೊಂಡು ಕೂತಳು. ಒಂದು ಮನೆಯೂ ಬಿಡದೆ ಆ ತುದಿಯಿಂದ ಈ ತುದಿಯವರೆಗೆ ಬೆರಳಾಡಿಸಿದಳು. ಎಲ್ಲವೂ ದನಿ ಕೊಟ್ಟವು. ನನಗೆ ಅಳು ಬಂತು, ಮುಚ್ಚಿಟ್ಟು ಏನು ಪ್ರಯೋಜನ? ಖಾರಪುಡಿಯ ಡಬ್ಬಿ ಹತ್ತಿರವೇ ಇತ್ತು, ನೆಪವನ್ನು ಅದರ ಮೇಲೆ ಹಾಕಿದೆ. ಆ ಉಮೇದಿನಲ್ಲೇ ಹೇಳಿದೆ, “ಮಾತು ಕೊಟ್ಟಾಂವ ನಾನು. ಬಂದ ಹದಿನೈದು ಸಾವಿರ ರೀಫಂಡ್ ಅಷ್ಟೂ ನೀನ ಇಟ್ಕೋ.” ಖಂಡಿತ ಬೇಡ ಅನ್ನುತ್ತಾಳೆ, ಹೇಳಿದ ಪುಣ್ಯವಾದರೂ ನನಗಿರಲಿ ಎನ್ನುವ ಧೈರ್ಯ.

“ಕೊಡ್ರಿ” ಎಂದಳು. ಅಲ್ಲೇ ಹುಸೇನಸಾಬರ ಕಡೆ ತಿರುಗಿ, “ಪೇಟಿಗೆ ಜೋಡಿ ಬೇಕಲ್ರಿ ಸಾಬ್ರ, ಒಂದು ಛಲೋ ತಬಲಾ ನೋಡ್ರಿ. ಇವರಿಗೆ ಕಲಸಾಕ ಒಬ್ರು ಮಾಸ್ತರನ್ನೂ ಹೇಳ್ರಿ, ಇವರಿಗೆ ಲೆಕ್ಕ ಛಲೋ ಬರತೈತಿ” ಎಂದಳು. ತಬಲಾ, ಅದರ ಹೊದಿಕೆ, ಆರು ತಿಂಗಳ ಪಾಠದ ಫೀ ಎಲ್ಲ ಸೇರಿ ನನ್ನ ರೀಫಂಡು ಪೈಸೆ ಉಳಿಯದೆ ಚುಕ್ತಾ ಆಯಿತು.

ಈಗ ಸಂಜೆಯ ಹೊತ್ತು ಗಿರಿಜಾ ಪೇಟಿಗೆ ಕೂತರೆ ನಾನು ತಬಲಾಕ್ಕೆ ಕೂರುತ್ತೇನೆ. ಭಜನೆಯ ಅತಿ ಸುಲಭದ ತಾಳ, ಎಂಟೇ ಮಾತ್ರೆ, ಮಕ್ಕಳಿಗೂ ಬರುತ್ತದೆ ಎಂದು ಮಾಸ್ತರರು ಹೇಳಿದ್ದಾರೆ. ನಾನು ಬಾರಿಸಿದಾಗ ಯಾಕೋ ಸುತ್ತು ಏಳಕ್ಕೇ ಮುಗಿದುಹೋಗುತ್ತದೆ. ಗಿರಿಜಾ ಹಾಡು ನಿಲ್ಲಿಸಿ, “ಒಂದು ಕಡಿಮಿ ಬಿತ್ತು ನೋಡ್ರಿ” ಎನ್ನುತ್ತಾಳೆ. “ಸಾಧ್ಯ ಇಲ್ಲ, ನಾ ಎಂಟೂ ಬಾರಿಸೇನಿ” ಎಂದು ನಾನು ಆವೇಶದಿಂದ ವಾದ ಹೂಡುತ್ತೇನೆ. ಆಕೆ ಬೆರಳು ಮಡಿಚಿ ಎಣಿಸುತ್ತಾಳೆ, ನಾನು ಮತ್ತೆ ಬಾರಿಸುತ್ತೇನೆ, ಮತ್ತೆ ಏಳೇ ಬೀಳುತ್ತವೆ.